ಸೌರ ವಿದ್ಯುತ್ತಿನ ಬೆಳವಣಿಗೆ ಮತ್ತು ಸಂಗ್ರಹಣೆಯ ಅಗತ್ಯ: ಸನ್ನತಿ, ಸೇಡಂ, ಚಿಂಚೋಳಿ ಭಾಗದ ಗ್ರಾಹಕರು ಗಮನಿಸಬೇಕಾದ ಸಂಗತಿಗಳು

ಕಲಬುರಗಿ ಜಿಲ್ಲೆಯ ಚಿತ್ತಾಪುರ, ಶಹಾಬಾದ್, ಸೇಡಂ ಮತ್ತು ಚಿಂಚೋಳಿ ತಾಲ್ಲೂಕುಗಳು ರಾಜ್ಯದಲ್ಲಿ ಹೆಚ್ಚು ಬಿಸಿಲು ಬೀಳುವ ಪ್ರದೇಶಗಳ ಸಾಲಿಗೆ ಸೇರಿವೆ. ಭೀಮಾ ತೀರದ ಸನ್ನತಿಯಿಂದ ಕಾಗಿಣಾ ತೀರದ ಮಳಖೇಡದವರೆಗೆ, ಅಲ್ಲಿಂದ ಕುಂಚಾವರಂ ಅರಣ್ಯದ ಅಂಚಿನವರೆಗೆ ಹರಡಿರುವ ಈ ಭೂಭಾಗದಲ್ಲಿ ಪ್ರತಿ ಚದರ ಮೀಟರ್ ನೆಲದ ಮೇಲೆ ದಿನವೊಂದಕ್ಕೆ ಸರಾಸರಿ 5ರಿಂದ 6 ಯೂನಿಟ್‌ಗಳಷ್ಟು ಸೌರಶಕ್ತಿ ಬೀಳುತ್ತದೆ. ಬಹುಕಾಲ ಬರಗಾಲದ ಜೊತೆಯಲ್ಲಿಯೇ ನೆನಪಾಗುತ್ತಿದ್ದ ಈ ಬಿಸಿಲನ್ನು ಇತ್ತೀಚಿನ ವರ್ಷಗಳಲ್ಲಿ ಸಂಪನ್ಮೂಲವೆಂದು ಪರಿಗಣಿಸಲಾಗುತ್ತಿದೆ. ಮನೆಯ ಮೇಲ್ಛಾವಣಿಗೆ ಸೌರ ಫಲಕ, ಹೊಲದ ಕೊಳವೆಬಾವಿಗೆ ಸೌರ ಪಂಪ್‌ಸೆಟ್, ದಾಲ್‌ಮಿಲ್ಲಿನ ಶೆಡ್ಡಿಗೆ ಸೌರ ಘಟಕ ಎಂದು ಅರ್ಜಿ ಸಲ್ಲಿಸಲು ನಾಗರಿಕರು ಮುಂದೆ ಬರುತ್ತಿದ್ದಾರೆ.

ಇಂತಹ ಅರ್ಜಿದಾರರಲ್ಲಿ ಅನೇಕರಿಗೆ ಇರುವ ನಿರೀಕ್ಷೆ ಒಂದೇ. ಫಲಕ ಬಂದರೆ ಕರೆಂಟು ಹೋಗುವ ತೊಂದರೆ ತಪ್ಪುತ್ತದೆ ಎಂಬುದು. ಈ ನಿರೀಕ್ಷೆ ಬಹುಮಟ್ಟಿಗೆ ತಪ್ಪು ತಿಳಿವಳಿಕೆಯಿಂದ ಕೂಡಿದೆ. ಸಹಾಯಧನದೊಂದಿಗೆ ಸಾಮಾನ್ಯವಾಗಿ ಅಳವಡಿಸಲಾಗುವ ಸೌರ ಘಟಕದಿಂದ ರಾತ್ರಿ ಒಂದು ದೀಪವೂ ಉರಿಯುವುದಿಲ್ಲ. ಹಗಲಿನಲ್ಲಿಯೂ ಗ್ರಿಡ್ ವಿದ್ಯುತ್ ನಿಂತ ಕ್ಷಣದಲ್ಲಿ ಅದು ತಾನಾಗಿಯೇ ಸ್ಥಗಿತಗೊಳ್ಳುತ್ತದೆ. ಇದು ಘಟಕದ ದೋಷವಲ್ಲ. ಅದರ ವಿನ್ಯಾಸವೇ ಹಾಗಿದೆ. ಇದರ ಕಾರಣವನ್ನು ತಿಳಿಯಬೇಕಾದರೆ ರಾಜ್ಯದ ಒಟ್ಟು ವಿದ್ಯುತ್ ಪರಿಸ್ಥಿತಿಯನ್ನು ಗಮನಿಸುವುದು ಅಗತ್ಯ.

ಹಗಲಿನ ಸಮೃದ್ಧಿ, ಸಂಜೆಯ ಕೊರತೆ

2014ರ ಸೌರ ನೀತಿ ಜಾರಿಗೆ ಬಂದ ತರುವಾಯ ಕರ್ನಾಟಕದಲ್ಲಿ ಸೌರ ವಿದ್ಯುತ್ ಸಾಮರ್ಥ್ಯ ಅಭೂತಪೂರ್ವ ವೇಗದಲ್ಲಿ ಬೆಳೆಯಿತು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಐದು ಗ್ರಾಮಗಳ ಸುಮಾರು 13,000 ಎಕರೆ ಜಮೀನಿನಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ 2018ರಲ್ಲಿ ಉದ್ಘಾಟನೆಗೊಂಡು 2019ರ ಅಂತ್ಯಕ್ಕೆ ಪೂರ್ಣಗೊಂಡಿತು. 2018ರಲ್ಲಿ ನವೀಕರಿಸಬಹುದಾದ ಇಂಧನ ಸಾಮರ್ಥ್ಯದಲ್ಲಿ ರಾಜ್ಯವು ತಮಿಳುನಾಡನ್ನು ಹಿಂದಿಕ್ಕಿ ದೇಶದಲ್ಲಿಯೇ ಮೊದಲ ಸ್ಥಾನಕ್ಕೆ ಏರಿತ್ತು. 2025ರ ವೇಳೆಗೆ ರಾಜ್ಯದ ಸೌರ ಸಾಮರ್ಥ್ಯ 9,000 ಮೆಗಾವಾಟ್‌ಗಳನ್ನು ದಾಟಿದೆ. ಅದೇ ವರ್ಷದ ಆರಂಭದಲ್ಲಿ ದೇಶದ ಒಟ್ಟು ಸೌರ ಸಾಮರ್ಥ್ಯ ಒಂದು ಲಕ್ಷ ಮೆಗಾವಾಟ್‌ಗಳನ್ನು ಮೀರಿತು.

ಈ ಅಂಕಿಗಳು ಹೆಮ್ಮೆ ತರುವಂತಹವೇ ಆಗಿದ್ದರೂ ಅವು ಮಧ್ಯಾಹ್ನದ ಅಂಕಿಗಳು ಎಂಬುದನ್ನು ಮರೆಯುವಂತಿಲ್ಲ. ಬೆಳಿಗ್ಗೆ ಒಂಬತ್ತರಿಂದ ಏರುವ ಸೌರ ಉತ್ಪಾದನೆ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಗರಿಷ್ಠ ಮಟ್ಟ ತಲುಪಿ, ಸಂಜೆ ಆರರ ವೇಳೆಗೆ ಶೂನ್ಯಕ್ಕೆ ಇಳಿಯುತ್ತದೆ. ಮನೆಗಳಲ್ಲಿ ದೀಪ, ಟಿವಿ, ಕೂಲರ್, ಮಿಕ್ಸರ್ ಎಲ್ಲವೂ ಚಾಲನೆಗೊಳ್ಳುವುದು ಸರಿಯಾಗಿ ಆ ಹೊತ್ತಿಗೆ. ಒಂದೆರಡು ಗಂಟೆಗಳ ಅವಧಿಯಲ್ಲಿ ಸಾವಿರಾರು ಮೆಗಾವಾಟ್ ಉತ್ಪಾದನೆ ಕಳೆದುಹೋಗುವ ಈ ಇಳಿಜಾರನ್ನು ಬೇರೆ ಮೂಲಗಳಿಂದ ತುಂಬಬೇಕಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಗ್ರಿಡ್ ನಿರ್ವಾಹಕರು 2013ರಲ್ಲಿಯೇ ಈ ಸಮಸ್ಯೆಯನ್ನು ರೇಖಾಚಿತ್ರದ ಮೂಲಕ ತೋರಿಸಿದ್ದರು; ಆ ರೇಖೆ ಬಾತುಕೋಳಿಯ ಆಕಾರದಲ್ಲಿದ್ದುದರಿಂದ ಅದಕ್ಕೆ ಅದೇ ಹೆಸರು ಉಳಿಯಿತು.

ರಾಜ್ಯದಲ್ಲಿ ಈ ಇಳಿಜಾರನ್ನು ಇದುವರೆಗೆ ತುಂಬುತ್ತಾ ಬಂದಿರುವುದು ಮುಖ್ಯವಾಗಿ ಎರಡು ಮೂಲಗಳು. ಒಂದು, ಶರಾವತಿಯಂತಹ ಜಲವಿದ್ಯುತ್ ಕೇಂದ್ರಗಳು. ಕವಾಟ ತೆರೆದ ಕೆಲವೇ ನಿಮಿಷಗಳಲ್ಲಿ ಇವು ವಿದ್ಯುತ್ ಒದಗಿಸಬಲ್ಲವು. ಎರಡನೆಯದು ರಾಯಚೂರು, ಯರಮರಸ್, ಬಳ್ಳಾರಿಗಳ ಕಲ್ಲಿದ್ದಲು ಆಧಾರಿತ ಕೇಂದ್ರಗಳು. ಕಲ್ಲಿದ್ದಲಿನ ಘಟಕವನ್ನು ಬೆಳಿಗ್ಗೆ ಆರಿಸಿ ಸಂಜೆ ಹೊತ್ತಿಸಲು ಬರುವುದಿಲ್ಲ. ಹಗಲಿನಲ್ಲಿ ಅದನ್ನು ಕನಿಷ್ಠ ಮಟ್ಟಕ್ಕೆ ಇಳಿಸಿ ಚಾಲನೆಯಲ್ಲಿಟ್ಟುಕೊಂಡೇ ಇರಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರವು 2023ರ ನಿಯಮಗಳಲ್ಲಿ ಈ ಕನಿಷ್ಠ ಮಟ್ಟವನ್ನು ಶೇ. 55ಕ್ಕೆ ನಿಗದಿಪಡಿಸಿ, ಮುಂದೆ ಹಂತಹಂತವಾಗಿ ಶೇ. 40ಕ್ಕೆ ಇಳಿಸುವ ಗುರಿ ಇಟ್ಟುಕೊಂಡಿದೆ. ಹೀಗೆ ಏರಿಳಿಸುವುದರಿಂದ ಬಾಯ್ಲರ್ ಸವೆಯುತ್ತದೆ, ಪ್ರತಿ ಯೂನಿಟ್‌ಗೆ ತಗಲುವ ಕಲ್ಲಿದ್ದಲೂ ಹೆಚ್ಚುತ್ತದೆ.

ಮಳೆ ಕೈಕೊಟ್ಟ ವರ್ಷ ಈ ವ್ಯವಸ್ಥೆಯ ದೌರ್ಬಲ್ಯ ಬಯಲಾಗುತ್ತದೆ. 2023ರಲ್ಲಿ ಮುಂಗಾರು ವಿಫಲವಾಗಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಜಲಾಶಯಗಳಲ್ಲಿ ನೀರಿಲ್ಲ, ಹೊಲಗಳಲ್ಲಿ ಬೆಳೆ ಉಳಿಸಿಕೊಳ್ಳಲು ಪಂಪ್‌ಸೆಟ್‌ಗಳ ಬಳಕೆ ಒಮ್ಮೆಲೇ ಏರಿತು. ಅಕ್ಟೋಬರ್ ತಿಂಗಳಲ್ಲಿ ನೀರಾವರಿ ಪಂಪ್‌ಸೆಟ್‌ಗಳ ವಿದ್ಯುತ್ ಪೂರೈಕೆಯ ಅವಧಿಯನ್ನು ಕಡಿತಗೊಳಿಸಬೇಕಾಯಿತು. ರೈತರ ಪ್ರತಿಭಟನೆಗಳ ನಂತರ ನವೆಂಬರ್‌ನಲ್ಲಿ ಅದನ್ನು ಪುನಃ ಏಳು ಗಂಟೆಗೆ ಹೆಚ್ಚಿಸಲಾಯಿತು. ದೇಶದಲ್ಲಿಯೇ ಮುಂಚೂಣಿಯ ಸೌರ ರಾಜ್ಯವೊಂದು ಬಿಸಿಲು ಸಾಕಷ್ಟಿದ್ದ ತಿಂಗಳುಗಳಲ್ಲಿ ಇಂತಹ ಇಕ್ಕಟ್ಟಿಗೆ ಸಿಲುಕಿದ್ದು ಗಮನಿಸತಕ್ಕ ವಿಷಯ. 2024ರ ಮಾರ್ಚ್‌ನಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವಾಟ್‌ಗಳನ್ನು ಮೀರಿತು. ಆ ಬೇಡಿಕೆಯಲ್ಲಿ ಹಗಲಿನ ಪಾಲನ್ನು ಸೂರ್ಯ ಹೊರಬಲ್ಲ. ಸಂಜೆಯ ಪಾಲಿಗೆ ಬೇರೆ ಏರ್ಪಾಟು ಬೇಕು.

ಸಂಗ್ರಹಣೆಯ ವೆಚ್ಚ ಇಳಿದ ಬಗೆ

ವಿದ್ಯುತ್ತನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡಲು ಪ್ರಚಲಿತದಲ್ಲಿರುವ ವಿಧಾನಗಳು ಎರಡು. ಮೊದಲನೆಯದು ಪಂಪ್ಡ್ ಸ್ಟೋರೇಜ್. ಅಗ್ಗದ ವಿದ್ಯುತ್ ಇರುವಾಗ ಕೆಳಗಿನ ಜಲಾಶಯದಿಂದ ಮೇಲಿನ ಜಲಾಶಯಕ್ಕೆ ನೀರೆತ್ತಿ, ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ಪಡೆಯುವುದು. ತಲಕಳಲೆ ಹಾಗೂ ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್ ಸಾಮರ್ಥ್ಯದ ಇಂತಹ ಯೋಜನೆಯನ್ನು ಪ್ರಸ್ತಾಪಿಸಲಾಗಿದ್ದು, ಸಿಂಗಳೀಕಗಳ ಆವಾಸವಾದ ಶರಾವತಿ ಕಣಿವೆಯ ಅಭಯಾರಣ್ಯದ ಕಾರಣದಿಂದ ಅದು ತೀವ್ರ ಚರ್ಚೆಗೆ ಒಳಗಾಗಿದೆ. ಅದೇನೇ ಇರಲಿ, ಬಯಲುಸೀಮೆಯ ಕಲಬುರಗಿಗೆ ಈ ವಿಧಾನ ಒದಗುವುದು ಕಷ್ಟ. ಎತ್ತರದ ವ್ಯತ್ಯಾಸವೂ ಇಲ್ಲ, ಪೋಲು ಮಾಡಲು ನೀರೂ ಇಲ್ಲ.

ಎರಡನೆಯದು ಬ್ಯಾಟರಿ. ಲೀಥಿಯಂ ಐಯಾನ್ ಬ್ಯಾಟರಿಗಳನ್ನು ಸರಕು ಸಾಗಣೆಯ ಕಂಟೇನರ್‌ಗಳಂತಹ ಪೆಟ್ಟಿಗೆಗಳಲ್ಲಿ ಜೋಡಿಸಿ ಉಪಕೇಂದ್ರದ ಆವರಣದಲ್ಲಿಯೇ ಇಡಲಾಗುತ್ತದೆ. ಇತ್ತೀಚಿನ 20 ಅಡಿ ಉದ್ದದ ಒಂದು ಪೆಟ್ಟಿಗೆ ಸುಮಾರು 5,000 ಯೂನಿಟ್ ಕೂಡಿಡಬಲ್ಲದು. ಒಂದು ಮೆಗಾವಾಟ್ ಸೌರ ಘಟಕಕ್ಕೆ ನಾಲ್ಕೈದು ಎಕರೆ ಜಮೀನು ಬೇಕಾದರೆ ಬ್ಯಾಟರಿಗೆ ಬೇಕಾದ ಜಾಗ ಅದರ ಮುಂದೆ ಲೆಕ್ಕಕ್ಕಿಲ್ಲ. ತುಂಬಿದ ವಿದ್ಯುತ್ತಿನಲ್ಲಿ ಶೇ. 85ರಿಂದ 90ರಷ್ಟು ಮರಳಿ ದೊರೆಯುತ್ತದೆ.

ಕೆಲವು ವರ್ಷಗಳ ಹಿಂದಿನವರೆಗೆ ಇದಕ್ಕೆ ಅಡ್ಡಿಯಾಗಿದ್ದುದು ಬೆಲೆ. 2022ರಲ್ಲಿ ಭಾರತೀಯ ಸೌರಶಕ್ತಿ ನಿಗಮವು ಕರೆದ ಟೆಂಡರಿನಲ್ಲಿ ಎರಡು ಗಂಟೆ ವಿದ್ಯುತ್ ನೀಡಬಲ್ಲ ಬ್ಯಾಟರಿಗೆ ಪ್ರತಿ ಮೆಗಾವಾಟ್‌ಗೆ ತಿಂಗಳಿಗೆ ಸುಮಾರು 10.84 ಲಕ್ಷ ರೂಪಾಯಿ ಬಾಡಿಗೆ ನಿಗದಿಯಾಗಿತ್ತು. 2024ರ ಮಾರ್ಚ್‌ನಲ್ಲಿ ಗುಜರಾತಿನ ಟೆಂಡರಿನಲ್ಲಿ ಅದು 4.49 ಲಕ್ಷಕ್ಕೆ ಇಳಿಯಿತು. ಅದೇ ವರ್ಷದ ಕೊನೆಗೆ ರಾಜಸ್ಥಾನದಲ್ಲಿ, ಕೇಂದ್ರದ ಸಹಾಯಧನವೂ ಸೇರಿ, 2.21 ಲಕ್ಷ ರೂಪಾಯಿಗೆ ಬಂದು ನಿಂತಿತು. ದಿನಕ್ಕೊಮ್ಮೆ ತುಂಬಿ ಒಮ್ಮೆ ಬಳಸುವುದೆಂದು ಲೆಕ್ಕ ಹಾಕಿದರೆ, ಒಂದು ಯೂನಿಟ್ ಕೂಡಿಟ್ಟು ಕೊಡುವ ಖರ್ಚು 18 ರೂಪಾಯಿಗಳಿಂದ ನಾಲ್ಕು ರೂಪಾಯಿಗೂ ಕೆಳಕ್ಕೆ ಬಂದಂತಾಯಿತು. ಇದಕ್ಕೆ ಹಗಲಿನ ಸೌರ ವಿದ್ಯುತ್ತಿನ ಬೆಲೆಯನ್ನೂ ಸೋರಿಕೆಯನ್ನೂ ಸೇರಿಸಿದರೆ ಏಳು ರೂಪಾಯಿಗಳ ಆಸುಪಾಸಿಗೆ ಬರುತ್ತದೆ. ಬೇಸಿಗೆಯ ಸಂಜೆಗಳಲ್ಲಿ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ಬೆಲೆಯು ಹಲವು ಬಾರಿ ಗರಿಷ್ಠ ಮಿತಿಯಾದ ಯೂನಿಟ್‌ಗೆ 10 ರೂಪಾಯಿಗಳನ್ನು ಮುಟ್ಟಿದೆ. ಬ್ಯಾಟರಿ ಈಗ ಲೆಕ್ಕಕ್ಕೆ ಬಂದಿರುವುದು ಈ ಕಾರಣದಿಂದಲೇ.

ಕೇಂದ್ರ ಸಚಿವ ಸಂಪುಟವು 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಟರಿ ಘಟಕಗಳ ಬಂಡವಾಳ ವೆಚ್ಚದಲ್ಲಿ ಶೇ. 40ರವರೆಗೆ ನೆರವು ನೀಡುವ ಯೋಜನೆಗೆ ಅನುಮೋದನೆ ನೀಡಿತು. 2031-32ರ ವೇಳೆಗೆ ದೇಶಕ್ಕೆ ಸುಮಾರು 47,000 ಮೆಗಾವಾಟ್ ಬ್ಯಾಟರಿ ಸಾಮರ್ಥ್ಯ ಬೇಕಾಗುವುದೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರ ಅಂದಾಜಿಸಿದೆ. 2025ರ ಫೆಬ್ರವರಿಯಲ್ಲಿ ಹೊರಡಿಸಿದ ಸಲಹೆಯಂತೆ, ಹೊಸ ಸೌರ ಟೆಂಡರುಗಳಲ್ಲಿ ಸ್ಥಾಪಿತ ಸಾಮರ್ಥ್ಯದ ಕನಿಷ್ಠ ಶೇ. 10ರಷ್ಟು ಸಂಗ್ರಹಣೆಯನ್ನು ಎರಡು ಗಂಟೆಗಳ ಅವಧಿಗೆ ಒದಗಿಸಬೇಕು. ಇದು ಸ್ವಾಗತಾರ್ಹ ಆರಂಭ. ಆದರೆ ಪ್ರಮಾಣ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬೇಕು. ಸೇಡಂ ತಾಲ್ಲೂಕಿನಲ್ಲಿ 10 ಮೆಗಾವಾಟ್‌ನ ಘಟಕವೊಂದು ಬಂದಿತೆಂದು ಭಾವಿಸೋಣ. ಅದು ದಿನಕ್ಕೆ 40 ಸಾವಿರಕ್ಕೂ ಮಿಕ್ಕಿ ಯೂನಿಟ್ ಉತ್ಪಾದಿಸುತ್ತದೆ. ಅದರೊಂದಿಗೆ ಬರುವ ಬ್ಯಾಟರಿ ಕೂಡಿಡುವುದು 2,000 ಯೂನಿಟ್ ಮಾತ್ರ. ಮನೆಯೊಂದಕ್ಕೆ ಎರಡು ಯೂನಿಟ್‌ನಂತೆ ಸಾವಿರ ಮನೆಗಳ ಸಂಜೆಗೆ ಇದು ಸಾಕು, ಒಂದು ಪಟ್ಟಣಕ್ಕೆ ಸಾಲದು.

ಬ್ಯಾಟರಿಗಿಂತ ಅಗ್ಗದ ಸಂಗ್ರಹಣೆ

ಬ್ಯಾಟರಿಯ ಬಗ್ಗೆ ಮಾತನಾಡುವ ಉತ್ಸಾಹದಲ್ಲಿ ಈ ಭಾಗದ ಒಂದು ಅನುಕೂಲ ಕಣ್ಣಿಗೆ ಬೀಳದೆ ಹೋಗುವ ಸಂಭವವಿದೆ. ಸನ್ನತಿ, ವಾಡಿ, ಸೇಡಂ ಸುತ್ತಿನ ವಿದ್ಯುತ್ ಬಳಕೆಯಲ್ಲಿ ಗಣನೀಯ ಪಾಲನ್ನು ಹಗಲಿಗೆ ಸರಿಸಲು ಸಾಧ್ಯವಿದೆ. ಸರಿಸಿದ ಪ್ರತಿ ಯೂನಿಟ್ ಕೂಡ ಬ್ಯಾಟರಿಯಿಲ್ಲದೆ ಕೂಡಿಟ್ಟ ಯೂನಿಟ್ ಎಂದೇ ತಿಳಿಯಬೇಕು.

ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳನ್ನು ನೋಡಬಹುದು. ಒಂದು ಟನ್ ಸಿಮೆಂಟ್ ತಯಾರಿಕೆಗೆ ಸುಮಾರು 70ರಿಂದ 90 ಯೂನಿಟ್ ವಿದ್ಯುತ್ ಬೇಕು. 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತಿರುಗುವ ಗೂಡನ್ನು ನಿಲ್ಲಿಸಲು ಬರುವುದಿಲ್ಲ. ತಣಿದರೆ ಒಳಗಿನ ಇಟ್ಟಿಗೆ ಬಿರಿಯುತ್ತದೆ, ಪುನಃ ಕಾಯಿಸಲು ದಿನಗಳು ಹಿಡಿಯುತ್ತವೆ. ಆದರೆ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಪಾಲು ಖರ್ಚಾಗುವುದು ಸುಣ್ಣಕಲ್ಲು ಮತ್ತು ಕ್ಲಿಂಕರನ್ನು ಅರೆಯುವ ಗಿರಣಿಗಳಲ್ಲಿ. ಗೂಡಿನಿಂದ ಹೊರಬಿದ್ದ ಕ್ಲಿಂಕರ್ ದಾಸ್ತಾನಿನಲ್ಲಿ ಕಾಯಬಲ್ಲದು, ಅರೆಯುವುದನ್ನು ಬಿಸಿಲಿನ ಹೊತ್ತಿಗೆ ಇಟ್ಟುಕೊಳ್ಳಬಹುದು. ಕೇಂದ್ರ ಸರ್ಕಾರದ 2023ರ ಗ್ರಾಹಕರ ಹಕ್ಕುಗಳ ತಿದ್ದುಪಡಿ ನಿಯಮಗಳ ಪ್ರಕಾರ ಸೌರ ವೇಳೆಯ ದರ ಸಾಮಾನ್ಯ ದರಕ್ಕಿಂತ ಶೇ. 10ರಿಂದ 20ರಷ್ಟು ಕಡಿಮೆ ಇರಬೇಕೆಂಬ ಆಶಯವಿದೆ. ಗರಿಷ್ಠ ಬೇಡಿಕೆಯ ವೇಳೆಯಲ್ಲಿ ದರ ಹೆಚ್ಚು. ಈ ವ್ಯತ್ಯಾಸ ದೊಡ್ಡದಾದಷ್ಟೂ ಕಾರ್ಖಾನೆಗಳು ತಾವಾಗಿಯೇ ಪಾಳಿಯನ್ನು ಬದಲಿಸಿಕೊಳ್ಳುತ್ತವೆ.

ದಾಲ್‌ಮಿಲ್ಲುಗಳದ್ದು ಇನ್ನೂ ಸುಲಭದ ಮಾತು. ಭೌಗೋಳಿಕ ಸೂಚ್ಯಂಕ ಪಡೆದ ಕಲಬುರಗಿ ತೊಗರಿಯನ್ನು ಬೇಳೆ ಮಾಡುವ ಮಿಲ್ಲುಗಳಲ್ಲಿ ಕಾಳನ್ನು ಅಂಗಳದಲ್ಲಿ ಹರವಿ ಬಿಸಿಲಿಗೆ ಒಣಗಿಸುವ ಪದ್ಧತಿ ಹಿಂದಿನಿಂದಲೂ ಇದೆ. ಬಿಸಿಲನ್ನು ನಂಬಿಯೇ ನಡೆದುಬಂದ ಉದ್ಯಮಕ್ಕೆ ಯಂತ್ರವನ್ನೂ ಅದೇ ಹೊತ್ತಿನಲ್ಲಿ ಓಡಿಸುವುದು ಹೊಸ ಪಾಠವೇನಲ್ಲ.

ಇವೆಲ್ಲಕ್ಕಿಂತ ಮುಖ್ಯವಾದುದು ನೀರಾವರಿ. ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ವಿದ್ಯುತ್ತನ್ನು ದಿನಕ್ಕೆ ಏಳು ಗಂಟೆ ನೀಡಲಾಗುತ್ತಿದ್ದು, ಅದರ ಒಂದು ಭಾಗ ದೀರ್ಘಕಾಲ ರಾತ್ರಿ ಪಾಳಿಯಲ್ಲಿಯೇ ಬರುತ್ತಿತ್ತು. ಭೀಮಾ ಮತ್ತು ಕಾಗಿಣಾ ದಂಡೆಯ ರೈತರು ನಡುರಾತ್ರಿ ಟಾರ್ಚ್ ಹಿಡಿದು ಕಪ್ಪು ಮಣ್ಣಿನ ಕೆಸರಿನಲ್ಲಿ ನೀರು ತಿರುವಲು ಹೋಗುವುದು ಎಷ್ಟು ಅಪಾಯಕಾರಿ ಎಂಬುದನ್ನು ವಿವರಿಸಬೇಕಿಲ್ಲ. ರಾಜ್ಯದಲ್ಲಿ ಹಾವು ಕಡಿತವನ್ನು 2024ರ ಫೆಬ್ರವರಿಯಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಲಾಗಿದೆ. ಹಗಲಿನಲ್ಲಿ ವಿದ್ಯುತ್ ಕೊಡುವುದರಿಂದ ಬ್ಯಾಟರಿಯ ವೆಚ್ಚ ಉಳಿಯುವುದು ಒಂದು ಲಾಭವಾದರೆ, ಜೀವ ಉಳಿಯುವುದು ಅದಕ್ಕೂ ಮಿಗಿಲಾದದ್ದು. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯ 'ಸಿ' ಭಾಗದಲ್ಲಿ ಉಪಕೇಂದ್ರಗಳ ಸಮೀಪ ಸೌರ ಘಟಕ ಸ್ಥಾಪಿಸಿ ಪಂಪ್‌ಸೆಟ್ ಫೀಡರ್‌ಗಳಿಗೆ ಹಗಲು ವಿದ್ಯುತ್ ನೀಡುವ ಅವಕಾಶವಿದೆ. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ರಾಜ್ಯದ ಇಂತಹ ಘಟಕಗಳಿಗೆ ಚಾಲನೆ ನೀಡಲಾಯಿತು.

ವಿದ್ಯುತ್ ಜಾಲದಿಂದ 500 ಮೀಟರ್‌ಗೂ ದೂರದಲ್ಲಿರುವ ಕೊಳವೆಬಾವಿಗಳಿಗೆ ಕುಸುಮ್ 'ಬಿ' ಅಡಿ ಸೌರ ಪಂಪ್‌ಸೆಟ್ ನೀಡುವ ಕ್ರಮ ಜಾರಿಗೆ ಬಂದಿದೆ. ರಾಜ್ಯದ ಶೇ. 50 ಹಾಗೂ ಕೇಂದ್ರದ ಶೇ. 30 ಸಹಾಯಧನ ಕಳೆದು ಶೇ. 20ನ್ನು ರೈತರು ಭರಿಸಬೇಕು. ಸೌರ ಪಂಪ್ ಸಂಜೆ ನಿಲ್ಲುತ್ತದೆ ಎಂಬುದು ಕೆಲವು ರೈತರ ಅಳಲು. ಇದಕ್ಕೆ ಬ್ಯಾಟರಿ ಸರಿಯಾದ ಉತ್ತರವಲ್ಲ. ಕೃಷಿ ಹೊಂಡವಿದ್ದವರು ಹಗಲೆಲ್ಲ ನೀರೆತ್ತಿ ಹೊಂಡದಲ್ಲಿ ನಿಲ್ಲಿಸಿಕೊಂಡು, ತಮಗೆ ಬೇಕಾದಾಗ ಬಿಡಬಹುದು. ವಿದ್ಯುತ್ತನ್ನು ಕೂಡಿಡುವುದಕ್ಕಿಂತ ಅದು ಮಾಡಿದ ಕೆಲಸವನ್ನು ಕೂಡಿಡುವುದು ಅಗ್ಗ. ಗ್ರಾಮ ಪಂಚಾಯಿತಿಗಳ ಕುಡಿಯುವ ನೀರಿನ ಓವರ್‌ಹೆಡ್ ಟ್ಯಾಂಕುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಟ್ಯಾಂಕನ್ನು ಸಂಜೆ ತುಂಬಿಸುವ ರೂಢಿ ಇರುವಲ್ಲಿ ಅದನ್ನು ಮಧ್ಯಾಹ್ನಕ್ಕೆ ಬದಲಿಸಲು ಯಾವ ಅನುದಾನವೂ ಬೇಕಿಲ್ಲ.

ಹೀಗೆ ಸರಿಸಬಹುದಾದುದನ್ನು ಸರಿಸಿದ ಮೇಲೆ ಉಳಿಯುವುದು ಸರಿಸಲಾಗದ ಬಳಕೆ. ಸಂಜೆಯ ದೀಪ, ಏಪ್ರಿಲ್ ರಾತ್ರಿಯ ಕೂಲರ್, ಪ್ರಾಥಮಿಕ ಆರೋಗ್ಯ ಕೇಂದ್ರದ ಹೆರಿಗೆ ಕೋಣೆ, ಲಸಿಕೆಯ ಶೀತಪೆಟ್ಟಿಗೆ, ಪರೀಕ್ಷೆಗೆ ಓದುವ ಮಕ್ಕಳ ಹೊತ್ತು. ಬ್ಯಾಟರಿಯ ಹಣ ಮೊದಲು ಸಲ್ಲಬೇಕಾದುದು ಇಲ್ಲಿಗೆ. ಅದರಲ್ಲಿಯೂ ಚಿಂಚೋಳಿ ತಾಲ್ಲೂಕಿನ ಅರಣ್ಯದಂಚಿನ ತಾಂಡಾಗಳಂತಹ ಉದ್ದನೆಯ ಮಾರ್ಗದ ಕೊನೆಯಲ್ಲಿರುವ ಜನವಸತಿಗಳಿಗೆ ಸಣ್ಣ ಬ್ಯಾಟರಿ ಘಟಕಗಳು ಹೆಚ್ಚು ಉಪಯುಕ್ತ. ಮಾರ್ಗದ ತುದಿಯಲ್ಲಿ ಸಂಜೆ ವೋಲ್ಟೇಜ್ ಕುಸಿಯುವುದನ್ನೂ ಅವು ತಡೆಯಬಲ್ಲವು. ಮೆಗಾವಾಟ್‌ಗಳ ಲೆಕ್ಕದಲ್ಲಿ ದೊಡ್ಡದಾಗಿ ಕಾಣುವ ಯೋಜನೆಗಳ ಭರದಲ್ಲಿ ಇಂತಹ ಸಣ್ಣ ಘಟಕಗಳು ಹಿಂದೆ ಬೀಳಬಾರದು.

ಬಿಸಿಲು, ಧೂಳು ಮತ್ತು ಕಲ್ಲಿನ ಮಾಳಿಗೆ

ಬಿಸಿಲು ಹೆಚ್ಚಾದಷ್ಟೂ ವಿದ್ಯುತ್ ಹೆಚ್ಚು ಎಂಬುದು ಪೂರ್ಣ ಸತ್ಯವಲ್ಲ. ಫಲಕದ ಸಾಮರ್ಥ್ಯವನ್ನು 25 ಡಿಗ್ರಿ ಉಷ್ಣಾಂಶದಲ್ಲಿ ಅಳೆಯಲಾಗುತ್ತದೆ. ಅದಕ್ಕಿಂತ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಮೇ ತಿಂಗಳಲ್ಲಿ ಗಾಳಿಯೇ 42 ಡಿಗ್ರಿ ಇದ್ದಾಗ ಫಲಕ 65 ಡಿಗ್ರಿಯವರೆಗೆ ಕಾಯುವುದುಂಟು, ಆಗ ಶೇ. 12ರಿಂದ 16ರಷ್ಟು ನಷ್ಟ ಸಹಜ. ಆದುದರಿಂದ ಫಲಕವನ್ನು ಮಾಳಿಗೆಗೆ ಅಂಟಿಸಿದಂತೆ ಕೂರಿಸದೆ ಕೆಳಗೆ ಗಾಳಿಯಾಡಲು ಅಂತರ ಬಿಡುವುದು ಅವಶ್ಯಕ.

ಧೂಳು ಇನ್ನೊಂದು ಸಮಸ್ಯೆ. ಸಿಮೆಂಟ್ ಕಾರ್ಖಾನೆ ಹಾಗೂ ಕಲ್ಲಿನ ಗಣಿಗಳ ಸುತ್ತ ಇರುವ ಊರುಗಳಲ್ಲಿ ಫಲಕದ ಮೇಲೆ ಧೂಳು ಬೇಗ ಕೂರುತ್ತದೆ. ಸಿಮೆಂಟ್ ಬೆರೆತ ಧೂಳು ಇಬ್ಬನಿಗೆ ನೆನೆದು ಒಣಗಿದರೆ ಗಟ್ಟಿ ಪದರವಾಗುವುದರಿಂದ ವಾಡಿ, ಶಹಾಬಾದ್, ಸೇಡಂ ಭಾಗದ ಗ್ರಾಹಕರು ಇತರೆಡೆಗಿಂತ ಹೆಚ್ಚು ಬಾರಿ ಫಲಕ ತೊಳೆಯಬೇಕಾಗುತ್ತದೆ. ಬೆಳಗಿನ ತಂಪಿನಲ್ಲಿ, ಮೆತ್ತನೆಯ ಬಟ್ಟೆಯಿಂದ ತೊಳೆಯುವುದು ಕ್ಷೇಮ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು.

ಬ್ಯಾಟರಿಗೆ ಶಾಖ ಇನ್ನೂ ಹೆಚ್ಚಿನ ಶತ್ರು. 35 ಡಿಗ್ರಿಗಿಂತ ಹೆಚ್ಚಿನ ಉಷ್ಣಾಂಶದಲ್ಲಿ ನಿರಂತರ ಇದ್ದರೆ ಅದರ ಬಾಳಿಕೆ ಗಣನೀಯವಾಗಿ ಕುಗ್ಗುತ್ತದೆ. ದೊಡ್ಡ ಘಟಕಗಳಲ್ಲಿ ತಂಪುಕಾರಕ ಯಂತ್ರಗಳಿರುತ್ತವೆ. ಮನೆಗಳಲ್ಲಿ ಅದು ಸಾಧ್ಯವಿಲ್ಲ. ತಗಡಿನ ಶೆಡ್ಡಿನಲ್ಲಾಗಲೀ ಮಾಳಿಗೆಯ ಮೇಲಾಗಲೀ ಇಡದೆ, ಗಾಳಿಯಾಡುವ, ನೆರಳಿನ, ಮಲಗುವ ಕೋಣೆಯಿಂದ ಪ್ರತ್ಯೇಕವಾದ ಜಾಗದಲ್ಲಿ ಇಡಬೇಕು. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಬ್ಯಾಟರಿ ಕೇಂದ್ರದಲ್ಲಿ ಬೆಂಕಿ ಅನಾಹುತ ಸಂಭವಿಸಿ ಸುತ್ತಲಿನ ಜನರನ್ನು ತೆರವುಗೊಳಿಸಬೇಕಾಯಿತು. ಅಲ್ಲಿದ್ದುದು ನಿಕಲ್ ಬೆರೆತ ಹಳೆಯ ಬಗೆಯ ಬ್ಯಾಟರಿ. ಲೀಥಿಯಂ ಐರನ್ ಫಾಸ್ಫೇಟ್ ಬಗೆಯದು ಅದಕ್ಕೆ ಹೋಲಿಸಿದರೆ ಸುರಕ್ಷಿತವಾಗಿದ್ದು, ಖರೀದಿಯ ವೇಳೆ ಇದನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

ಈ ಭಾಗದ ಹಳೆಯ ಮನೆಗಳ ಬಗ್ಗೆ ಒಂದು ಮಾತು. ಶಹಾಬಾದ್ ಫರ್ಸಿ ಹಾಸಿ ಮೇಲೆ ಮಣ್ಣು ಹಾಕಿದ ಮಾಳಿಗೆಗಳು ಈಗಾಗಲೇ ಭಾರವಾಗಿರುತ್ತವೆ. ಫಲಕದ ಭಾರಕ್ಕಿಂತಲೂ ಬಿರುಗಾಳಿಯಲ್ಲಿ ಅದು ಎಳೆಯುವ ಬಲ ಇಲ್ಲಿ ಮುಖ್ಯ. ಮಣ್ಣಿನ ಮಾಳಿಗೆಯಲ್ಲಿ ಬೋಲ್ಟ್ ಹಿಡಿಯುವುದಿಲ್ಲ. ಇಂತಹ ಮನೆಗಳವರು ಗೋಡೆಯ ಮೇಲೆ ಅಥವಾ ಅಂಗಳದಲ್ಲಿ ನಿಲ್ಲಿಸಿದ ಕಂಬಗಳ ಮೇಲೆ ಚೌಕಟ್ಟು ಅಳವಡಿಸುವ ಸಾಧ್ಯತೆಯನ್ನು ಪರಿಶೀಲಿಸಬಹುದು.

ಅರ್ಜಿ ಸಲ್ಲಿಸುವ ಮುನ್ನ

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ ಗೃಹ ಗ್ರಾಹಕರಿಗೆ ಒಂದು ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರು ಹಾಗೂ ಅದಕ್ಕೂ ಮೇಲ್ಪಟ್ಟ ಸಾಮರ್ಥ್ಯಕ್ಕೆ 78,000 ರೂಪಾಯಿ ಸಹಾಯಧನ ನಿಗದಿಪಡಿಸಲಾಗಿದೆ. ಈ ಸಹಾಯಧನ ಸೌರ ಫಲಕಗಳ ಸಾಮರ್ಥ್ಯವನ್ನು ಆಧರಿಸಿದ್ದು, ಬ್ಯಾಟರಿ ಸೇರಿಸಿದರೆ ಹೆಚ್ಚುವುದಿಲ್ಲ.

ಬ್ಯಾಟರಿಯಿಲ್ಲದ ಘಟಕದಲ್ಲಿ ಹಗಲು ಹೆಚ್ಚಾದ ವಿದ್ಯುತ್ ಗ್ರಿಡ್‌ಗೆ ಹೋಗುತ್ತದೆ, ರಾತ್ರಿ ಗ್ರಿಡ್‌ನಿಂದ ಬರುತ್ತದೆ, ವ್ಯತ್ಯಾಸವನ್ನು ನೆಟ್ ಮೀಟರ್ ಲೆಕ್ಕವಿಡುತ್ತದೆ. ಇಲ್ಲಿ ಉಳಿಯುವುದು ಲೆಕ್ಕವೇ ಹೊರತು ವಿದ್ಯುತ್ತಲ್ಲ. ಮಧ್ಯಾಹ್ನ ಕೊಟ್ಟ ಯೂನಿಟ್ ಆ ಕ್ಷಣದಲ್ಲಿಯೇ ಬೇರೆ ಯಾರದೋ ಮನೆಯಲ್ಲಿ ಖರ್ಚಾಗಿರುತ್ತದೆ. ಸಂಜೆ ಮರಳಿ ಪಡೆಯುವ ಯೂನಿಟ್ಟನ್ನು ಜೆಸ್ಕಾಂ ಬೇರೆ ಮೂಲದಿಂದ ತಂದಿರುತ್ತದೆ. ಗ್ರಿಡ್ ನಿಂತಾಗ ಘಟಕವೂ ನಿಲ್ಲುವುದು ಸುರಕ್ಷತೆಯ ದೃಷ್ಟಿಯಿಂದ. ಮಾರ್ಗದಲ್ಲಿ ವಿದ್ಯುತ್ ಇಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ಯಾರದೋ ಮಾಳಿಗೆಯಿಂದ ಹರಿದುಬಂದ ವಿದ್ಯುತ್ ತಗುಲಬಾರದು. ಈ ಏರ್ಪಾಟನ್ನು ತಪ್ಪಿಸಿ ಜೋಡಣೆ ಮಾಡಿಕೊಡುವುದಾಗಿ ಹೇಳುವವರ ಮಾತಿಗೆ ಕಿವಿಗೊಡಬಾರದು.

ವಿದ್ಯುತ್ ನಿಲುಗಡೆಯ ವೇಳೆಯಲ್ಲಿಯೂ ಮನೆ ಬೆಳಗಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಹಾಗೂ ಬ್ಯಾಟರಿ ಬೇಕು. ಆಗ ಮನೆಯ ಕೆಲವು ಬಿಂದುಗಳು ಮಾತ್ರ ಗ್ರಿಡ್‌ನಿಂದ ಬೇರ್ಪಟ್ಟು ಚಾಲನೆಯಲ್ಲಿರುತ್ತವೆ. ಎಷ್ಟು ದೊಡ್ಡ ಬ್ಯಾಟರಿ ಎಂಬುದನ್ನು ಮಾರಾಟಗಾರರಿಗೆ ಬಿಡದೆ ಗ್ರಾಹಕರೇ ಲೆಕ್ಕ ಹಾಕುವುದು ಸೂಕ್ತ. ನಾಲ್ಕು ಎಲ್‌ಇಡಿ ದೀಪ, ಎರಡು ಫ್ಯಾನು, ಒಂದು ಟಿವಿ ಐದು ಗಂಟೆ ನಡೆದರೆ ತಗಲುವುದು ಸುಮಾರು ಒಂದೂಕಾಲು ಯೂನಿಟ್. ರಾತ್ರಿಯಿಡೀ ಒಂದು ಕೂಲರ್ ನಡೆದರೆ ಹೆಚ್ಚುಕಡಿಮೆ ಇನ್ನೊಂದೂವರೆ. ಈಗಾಗಲೇ ಹಲವು ಮನೆಗಳಲ್ಲಿರುವ 150 ಆಂಪಿಯರ್ ಅವರ್‌ನ ಸೀಸದ ಬ್ಯಾಟರಿ ಕಾಗದದ ಮೇಲೆ 1.8 ಯೂನಿಟ್ ಹಿಡಿದರೂ, ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಹಾಳಾಗುವುದರಿಂದ ಬಳಕೆಗೆ ದೊರೆಯುವುದು ಒಂದು ಯೂನಿಟ್‌ಗೂ ಕಡಿಮೆ. ಲೀಥಿಯಂ ಬ್ಯಾಟರಿಯಲ್ಲಿ ಶೇ. 80ರಿಂದ 90ರಷ್ಟನ್ನು ಬಳಸಬಹುದು. ನೀರೆತ್ತುವ ಮೋಟರ್, ಹವಾನಿಯಂತ್ರಕ, ಗೀಸರ್‌ಗಳನ್ನು ಬ್ಯಾಟರಿಗೆ ಜೋಡಿಸುವುದು ಹಣ ಚೆಲ್ಲಿದಂತೆ.

ಎಲ್ಲರಿಗೂ ಬ್ಯಾಟರಿ ಬೇಕೇ ಎಂಬ ಪ್ರಶ್ನೆಗೆ ಬೇಕಿಲ್ಲ ಎಂಬುದೇ ಪ್ರಾಮಾಣಿಕ ಉತ್ತರ. 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯಡಿ ಶೂನ್ಯ ಬಿಲ್ಲು ಪಡೆಯುತ್ತಿರುವ, ಕಡಿಮೆ ಬಳಕೆಯ ಕುಟುಂಬಕ್ಕೆ ಸೌರ ಘಟಕದಿಂದ ಬಿಲ್ಲಿನಲ್ಲಿ ಉಳಿತಾಯವಾಗುವುದು ಅತ್ಯಲ್ಪ. ಅಂತಹವರು ಸಾಲ ಮಾಡಿ ಘಟಕ ಹಾಕಿಸಿಕೊಳ್ಳುವ ಮುನ್ನ ಹಿಂದಿನ ಹನ್ನೆರಡು ತಿಂಗಳ ಬಳಕೆಯನ್ನು ನೋಡಿಕೊಳ್ಳಬೇಕು. ನಿಲುಗಡೆಯ ತೊಂದರೆಯಷ್ಟೇ ಇದ್ದಲ್ಲಿ ಸಣ್ಣ ಇನ್ವರ್ಟರ್ ಸಾಕಾಗಬಹುದು. ಮನೆಯಲ್ಲಿಯೇ ಹೊಲಿಗೆ, ಜೆರಾಕ್ಸ್, ಹಿಟ್ಟಿನ ಗಿರಣಿ, ಔಷಧ ಅಂಗಡಿ ನಡೆಸುವವರಿಗೆ, ಆಮ್ಲಜನಕ ಯಂತ್ರ ಅವಲಂಬಿಸಿದ ರೋಗಿಗಳಿರುವ ಕುಟುಂಬಗಳಿಗೆ ಲೆಕ್ಕ ಬೇರೆಯೇ ಆಗುತ್ತದೆ.

ಸಹಾಯಧನಕ್ಕೆ ಅರ್ಜಿ ಸಲ್ಲಿಸಬೇಕಾದುದು ಯೋಜನೆಯ ರಾಷ್ಟ್ರೀಯ ಜಾಲತಾಣದಲ್ಲಿ, ವಿದ್ಯುತ್ ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆ ನಮೂದಿಸಿ. ನೋಂದಾಯಿತ ಮಾರಾಟಗಾರರಿಂದ, ದೇಶದಲ್ಲಿಯೇ ತಯಾರಾದ ಫಲಕಗಳನ್ನು ಅಳವಡಿಸಿದರೆ ಮಾತ್ರ ಸಹಾಯಧನ ದೊರೆಯುತ್ತದೆ. ಅದು ಅಳವಡಿಕೆ, ಪರಿಶೀಲನೆ ಹಾಗೂ ನೆಟ್ ಮೀಟರ್ ಜೋಡಣೆಯ ನಂತರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಆರ್.ಆರ್. ಸಂಖ್ಯೆ ತೀರಿಕೊಂಡ ಹಿರಿಯರ ಹೆಸರಿನಲ್ಲಿಯೇ ಉಳಿದಿರುವ ಮನೆಗಳು ಹಳ್ಳಿಗಳಲ್ಲಿ ಸಾಕಷ್ಟಿವೆ. ಇಂತಹವರು ಮೊದಲು ಹೆಸರು ಬದಲಾವಣೆ ಮಾಡಿಸಿಕೊಳ್ಳದಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಮಾರಾಟಗಾರರೊಂದಿಗಿನ ಒಪ್ಪಂದದಲ್ಲಿ ಘಟಕ ಬ್ಯಾಟರಿ ಸಹಿತವೋ ರಹಿತವೋ, ಬ್ಯಾಟರಿಯ ಬಗೆ, ಬಳಸಬಹುದಾದ ಯೂನಿಟ್, ಖಾತರಿಯ ವರ್ಷಗಳು ಹಾಗೂ ಐದು ವರ್ಷಗಳ ನಿರ್ವಹಣೆಯ ಹೊಣೆ ಸ್ಪಷ್ಟವಾಗಿ ಬರೆದಿರಬೇಕು. ಸವೆದ ಬ್ಯಾಟರಿಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ತಯಾರಕರೇ ಹಿಂಪಡೆಯುವ ವ್ಯವಸ್ಥೆ ಮಾಡಬೇಕಿದ್ದು, ಅದನ್ನು ಗುಜರಿಗೆ ಮಾರುವುದಾಗಲೀ ಹೊಲದ ಬದುವಿನಲ್ಲಿ ಎಸೆಯುವುದಾಗಲೀ ಸಲ್ಲದು.

ಅರ್ಜಿಯ ಸ್ಥಿತಿ, ನೆಟ್ ಮೀಟರ್ ಒಪ್ಪಂದ ಹಾಗೂ ಹೆಸರು ಬದಲಾವಣೆಗೆ ಸಂಬಂಧಿಸಿದಂತೆ ಆಯಾ ಜೆಸ್ಕಾಂ ಉಪವಿಭಾಗ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಅಥವಾ 1912 ಸಹಾಯವಾಣಿಯನ್ನು ಸಂಪರ್ಕಿಸಬಹುದು.